ಬೀಜಕಣ ತಿನ್ನುವ ಥ್ರಿಪ್ಸ್: ಒಣಗಿದ ಎಲೆಯಿಂದ ಪ್ರಭೇದದ ಹೆಸರಿನವರೆಗೆ

ಥ್ರಿಪ್ಸ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಎಲೆ ಮುರುಟಿಸುವ, ಹೂವಿನ ರಸ ಹೀರುವ ಸಣ್ಣ ಹಳದಿ ನುಸಿ. ಅದೇ ಗಣದಲ್ಲಿ ಹಸಿರು ಗಿಡದ ಗೊಡವೆಗೇ ಹೋಗದ ಒಂದು ದೊಡ್ಡ ಬಳಗವಿದೆ. ಒಣಗಿದ ಎಲೆ, ಸತ್ತ ಕೊಂಬೆ, ಕೊಳೆಯುವ ತರಗಿನ ಮೇಲೆ ಬೆಳೆದ ಶಿಲೀಂಧ್ರದ ಬೀಜಕಣಗಳನ್ನು ಇಡಿಯಾಗಿ ನುಂಗಿ ಅದು ಬದುಕುತ್ತದೆ. ಈ ಬಳಗದ ಹೆಸರು ಇಡೋಲೋಥ್ರಿಪಿನೇ. ಇದರಲ್ಲಿ ಸುಮಾರು 80 ಕುಲಗಳೂ 700ಕ್ಕೂ ಹೆಚ್ಚು ಪ್ರಭೇದಗಳೂ ಇವೆ. ಥ್ರಿಪ್ಸ್‌ಗಳಲ್ಲೇ ಅತಿ ದೊಡ್ಡದು, ಆಸ್ಟ್ರೇಲಿಯಾದ ನೀಲಗಿರಿ ಮರಗಳ ಒಣ ಎಲೆಗಳಲ್ಲಿ ಸಿಗುವ ಇಡೋಲೋಥ್ರಿಪ್ಸ್ ಸ್ಪೆಕ್ಟ್ರಮ್, ಇದೇ ಬಳಗಕ್ಕೆ ಸೇರಿದ್ದು.

ಈ ಕೀಟಗಳಿಗೆ ಹೆಸರಿಡುವ ಕೆಲಸದಲ್ಲಿ ಆಗುವ ತಪ್ಪುಗಳ ಬೇರು ಬಹುಪಾಲು ಒಂದೇ: ಒಂದೇ ಒಂದು ಮಾದರಿಯನ್ನು ನೋಡಿ ತೀರ್ಮಾನಕ್ಕೆ ಬರುವುದು. ಒಂದೇ ಎಲೆಯ ಮೇಲಿನ ಅಣ್ಣತಮ್ಮಂದಿರೇ ಬೇರೆ ಬೇರೆ ಕುಲದವರಂತೆ ಕಾಣಬಲ್ಲ ಬಳಗ ಇದು. ಆದ್ದರಿಂದ ಕೆಳಗಿನ ಕ್ರಮವೆಲ್ಲ ಒಂದು ನಿಯಮದ ಮೇಲೆ ನಿಂತಿದೆ: ಒಂದು ಜಾಗದಿಂದ ಸಿಕ್ಕ ಗಂಡು, ಹೆಣ್ಣು, ದೊಡ್ಡದು, ಚಿಕ್ಕದು ಎಲ್ಲವನ್ನೂ ಒಂದು ಸರಣಿಯಾಗಿ ತಯಾರಿಸಿ, ಒಟ್ಟಿಗೆ ಇಟ್ಟು ನೋಡಬೇಕು.

ಇನ್ನೊಂದು ಮಾತು. ಥ್ರಿಪ್ಸ್ ಎಂಬುದು ಏಕವಚನವೂ ಹೌದು, ಬಹುವಚನವೂ ಹೌದು. ಒಂದು ಹುಳ ಕಂಡರೂ ಅದು ಥ್ರಿಪ್ಸ್ ಎಂದೇ. ‘ಒಂದು ಥ್ರಿಪ್’ ಎಂದು ಬರೆಯುವುದು ತಪ್ಪು.

ಏಣಿಯ ಮೆಟ್ಟಿಲುಗಳು

ಕೆಲಸಕ್ಕೆ ಕೂರುವ ಮೊದಲು ವರ್ಗೀಕರಣದ ಏಣಿ ಮನಸ್ಸಿನಲ್ಲಿರಲಿ. ಇಡೋಲೋಥ್ರಿಪ್ಸ್ ಸ್ಪೆಕ್ಟ್ರಮ್ ಅನ್ನೇ ಉದಾಹರಣೆಯಾಗಿ ಹಿಡಿದರೆ, ಸಂಧಿಪದಿಗಳ ವಂಶ, ಕೀಟಗಳ ವರ್ಗ, ಅದರೊಳಗೆ ಥೈಸನಾಪ್ಟೆರಾ ಎಂಬ ಗಣ. ಈ ಗಣವನ್ನೂ ಅದರ ಎರಡು ಉಪಗಣಗಳಾದ ಟೆರೆಬ್ರಾಂಶಿಯಾ, ಟ್ಯೂಬುಲಿಫೆರಾಗಳನ್ನೂ 1836ರಲ್ಲಿ ಸ್ಥಾಪಿಸಿದವನು ಹ್ಯಾಲಿಡೇ. ಟ್ಯೂಬುಲಿಫೆರಾದಲ್ಲಿ ಇಂದು ಬದುಕಿರುವ ಕುಟುಂಬ ಒಂದೇ, ಫ್ಲಿಯೋಥ್ರಿಪಿಡೇ. ಅದಕ್ಕೆ ಹೆಸರಿಟ್ಟವನು ಉಜೆಲ್, 1895ರಲ್ಲಿ. ಈ ಕುಟುಂಬದಲ್ಲಿ ಎರಡು ಉಪಕುಟುಂಬಗಳು: ಫ್ಲಿಯೋಥ್ರಿಪಿನೇ ಮತ್ತು ಇಡೋಲೋಥ್ರಿಪಿನೇ. ಎರಡನೆಯದನ್ನು 1908ರಲ್ಲಿ ಬ್ಯಾಗ್ನಾಲ್ ಗುರುತಿಸಿದ. ಅದರೊಳಗೆ ಇಡೋಲೋಥ್ರಿಪಿನಿ, ಪೈಗೋಥ್ರಿಪಿನಿ ಎಂಬ ಎರಡು ಪಂಗಡಗಳು, ಅವುಗಳಡಿ ಉಪಪಂಗಡಗಳು, ಆಮೇಲೆ ಕುಲ, ಕೊನೆಗೆ ಪ್ರಭೇದ.

ಕನ್ನಡದಲ್ಲಿ ಬರೆಯುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಇಡೋಲೋಥ್ರಿಪಿನೇ ಎಂದರೆ ಉಪಕುಟುಂಬ, ಇಡೋಲೋಥ್ರಿಪಿನಿ ಎಂದರೆ ಪಂಗಡ, ಇಡೋಲೋಥ್ರಿಪಿನಾ ಎಂದರೆ ಉಪಪಂಗಡ. ಕೊನೆಯ ಒಂದು ಸ್ವರ ಬದಲಾದರೆ ಮೆಟ್ಟಿಲೇ ಬದಲಾಗುತ್ತದೆ. ಕೈಬರಹದ ಚೀಟಿಯಲ್ಲಿ ಏತ್ವದ ದೀರ್ಘ ಬಿಟ್ಟುಹೋದರೆ ಓದುವವರಿಗೆ ಗೊಂದಲ ಖಂಡಿತ.

ಈಗ ಬಳಕೆಯಲ್ಲಿರುವ ಪಂಗಡ, ಉಪಪಂಗಡಗಳ ಚೌಕಟ್ಟನ್ನು ಕೊಟ್ಟವರು ಲಾರೆನ್ಸ್ ಮೌಂಡ್ ಮತ್ತು ಪಾಮರ್, 1983ರಲ್ಲಿ. ಇಡೋಲೋಥ್ರಿಪಿನಿಯಲ್ಲಿ ಎಲಾಫ್ರೋಥ್ರಿಪಿನಾ, ಹಿಸ್ಟ್ರಿಕೋಥ್ರಿಪಿನಾ, ಇಡೋಲೋಥ್ರಿಪಿನಾ ಎಂಬ ಮೂರು ಉಪಪಂಗಡಗಳು. ಪೈಗೋಥ್ರಿಪಿನಿಯಲ್ಲಿ ಆಲ್ಲೋಥ್ರಿಪಿನಾ, ಕಾಂಪ್ಸೋಥ್ರಿಪಿನಾ, ಡೈಸೆರಟೋಥ್ರಿಪಿನಾ, ಗ್ಯಾಸ್ಟ್ರೋಥ್ರಿಪಿನಾ, ಮ್ಯಾಕ್ರೋಥ್ರಿಪಿನಾ, ಪೈಗೋಥ್ರಿಪಿನಾ ಎಂಬ ಆರು. ಡಿಎನ್‌ಎ ಆಧರಿಸಿದ ಅಧ್ಯಯನಗಳು ಈ ಒಳಗಡಿಗಳನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಹಾಗಾಗಿ ಉಪಪಂಗಡವನ್ನು ವಂಶಾವಳಿಯೆಂದು ಗಟ್ಟಿಯಾಗಿ ನಂಬುವುದಕ್ಕಿಂತ, ಕುಲ ಹುಡುಕಲು ನೆರವಾಗುವ ಕಪಾಟಿನ ಖಾನೆಯೆಂದು ಬಳಸುವುದು ಸರಿ.

ಹಂತ 1: ಸಂಗ್ರಹ

ಇವು ಹೆಚ್ಚಾಗಿ ಸಿಗುವುದು ಮರದಲ್ಲೇ ನೇತಾಡುತ್ತಿರುವ ಒಣ ಎಲೆಗೊಂಚಲು, ಈಚೆಗೆ ಸತ್ತ ಸಣ್ಣ ಕೊಂಬೆ, ತಾಳೆಜಾತಿಯ ಮರಗಳ ಒಣಗರಿ, ಹುಲ್ಲಿನ ಬುಡ ಮತ್ತು ತರಗಿನಲ್ಲಿ. ಪೂರ್ತಿ ಗರಿಗರಿಯಾಗಿ ಒಣಗಿದ್ದರಲ್ಲಿ ಶಿಲೀಂಧ್ರ ಇರುವುದಿಲ್ಲ. ನೆನೆದು ಕೊಳೆತು ಮುದ್ದೆಯಾದದ್ದರಲ್ಲೂ ಇವು ಕಡಿಮೆ. ಸ್ವಲ್ಪ ತೇವ ಉಳಿದು, ಮೇಲೆ ಕಪ್ಪು ಪುಡಿಯಂಥ ಬೂಷ್ಟು ಕಾಣುವ ಹಂತವೇ ಸರಿಯಾದದ್ದು.

ಬಿಳಿ ತಟ್ಟೆಯನ್ನು ಕೆಳಗೆ ಹಿಡಿದು ಗೊಂಚಲನ್ನು ಕೋಲಿನಿಂದ ನಾಲ್ಕೈದು ಸಲ ಬಿರುಸಾಗಿ ಬಡಿಯಿರಿ. ಬಿದ್ದ ಕಸ ಒಂದೆರಡು ನಿಮಿಷ ಹಾಗೇ ಇರಲಿ. ಈ ಕಪ್ಪು ಥ್ರಿಪ್ಸ್‌ಗಳು ಮೊದಲು ಅಲುಗಾಡದೆ ಕಸದ ಚೂರಿನಂತೆ ಬಿದ್ದಿರುತ್ತವೆ; ಆಮೇಲೆ ಕೊಳವೆಯಂಥ ಬಾಲ ಎತ್ತಿಕೊಂಡು ನಿಧಾನವಾಗಿ ನಡೆಯತೊಡಗುತ್ತವೆ. ಆಲ್ಕೋಹಾಲಿನಲ್ಲಿ ಅದ್ದಿದ ಸಪೂರ ಕುಂಚದ ತುದಿಯಿಂದ ಎತ್ತಿ ಸೀಸೆಗೆ ಹಾಕಿ. ತರಗಿಗೆ ಬಡಿಯುವ ವಿಧಾನ ಹೊಂದುವುದಿಲ್ಲ. ಮೇಲೆ ಬಲ್ಬು ಉರಿಸಿ ಕೆಳಗಿನ ಸೀಸೆಗೆ ಹುಳ ಇಳಿಯುವಂತೆ ಮಾಡುವ ಆಲಿಕೆ ಬೇಕು. ರೆಕ್ಕೆಯಿಲ್ಲದ ಚಿಕ್ಕ ಆಲ್ಲೋಥ್ರಿಪ್ಸ್‌ನಂಥವು ಹಾಗೆಯೇ ಸಿಗುವುದು.

ಸಂಗ್ರಹದ ದ್ರವಕ್ಕೆ 60 ಶೇಕಡ ಆಲ್ಕೋಹಾಲ್ 10 ಪಾಲು, ಗ್ಲಿಸರಿನ್ 1 ಪಾಲು, ಗ್ಲೇಶಿಯಲ್ ಅಸಿಟಿಕ್ ಆಮ್ಲ 1 ಪಾಲು ಬೆರೆಸಿ. ಇದರಲ್ಲಿ ಸತ್ತ ಹುಳದ ಮೈ ಮೆತ್ತಗಿದ್ದು, ಕಾಲು ಕುಡಿಮೀಸೆಗಳು ಚಾಚಿಕೊಂಡಿರುತ್ತವೆ. ತಿಂಗಳುಗಟ್ಟಲೆ ಇಡುವುದಾದರೆ 60 ಶೇಕಡ ಆಲ್ಕೋಹಾಲಿಗೆ ಬದಲಿಸಿ ತಂಪಾದ ಕತ್ತಲೆ ಜಾಗದಲ್ಲಿಡಿ. ಡಿಎನ್‌ಎ ಬೇಕಿದ್ದರೆ ಕೆಲವನ್ನು ಮೊದಲಿನಿಂದಲೇ 95 ಶೇಕಡ ಆಲ್ಕೋಹಾಲಿನಲ್ಲಿ ಪ್ರತ್ಯೇಕವಾಗಿಡಬೇಕು. ಅಂಥವು ಸೆಡೆತು ಬಿರುಸಾಗುವುದರಿಂದ ಸ್ಲೈಡಿಗೆ ಒಗ್ಗುವುದು ಕಷ್ಟ. ಮೈಯನ್ನು ಅರೆಯದೆ ಡಿಎನ್‌ಎ ತೆಗೆಯುವ ವಿಧಾನಗಳಿವೆ. ಅದನ್ನು ಬಳಸಿ, ಉಳಿದ ಹೊರಕವಚವನ್ನು ಸ್ಲೈಡ್ ಮಾಡಿಡಿ. ಯಾವ ಹುಳದ್ದೆಂದು ಮುಂದೆ ಪರೀಕ್ಷಿಸಲಾಗದ ಡಿಎನ್‌ಎ ಅನುಕ್ರಮ ವರ್ಗೀಕರಣಕ್ಕೆ ಹೊರೆ.

ಕನಿಷ್ಠ 10 ವಯಸ್ಕ ಹುಳಗಳು, ಎರಡೂ ಲಿಂಗದವು ಇರಲಿ. ಮರಿಗಳನ್ನೂ ಸಂಗ್ರಹಿಸಿ, ಆದರೆ ಅವುಗಳಿಂದ ಪ್ರಭೇದ ಹೇಳಲು ಹೊರಡಬೇಡಿ. ಸೀಸೆಯೊಳಗೇ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ: ಯಾವ ಮರದ ಯಾವ ಭಾಗ, ಸತ್ತದ್ದೋ ಅಲ್ಲವೋ, ಸ್ಥಳ, ದಿನಾಂಕ. ಸೀಸೆಯ ಹೊರಗೆ ಪೆನ್ನಿನಲ್ಲಿ ಬರೆದದ್ದನ್ನು ಒಂದು ಹನಿ ಆಲ್ಕೋಹಾಲ್ ಅಳಿಸಿಹಾಕುತ್ತದೆ.

ಹಂತ 2: ಹೊಟ್ಟೆಯೊಳಗಿನ ಸಾಕ್ಷಿ

ಸ್ಲೈಡಿನ ಕೆಲಸ ಶುರುಮಾಡುವ ಮೊದಲು ಒಂದೆರಡು ಹುಳಗಳನ್ನು ಬದಿಗಿಡಿ. ಅವನ್ನು ಕ್ಷಾರದಲ್ಲಿ ನೆನೆಸದೆ ನೇರವಾಗಿ ನೀರು ಕಳೆದು, ಲವಂಗದ ಎಣ್ಣೆಯಲ್ಲಿ ಪಾರದರ್ಶಕ ಮಾಡಿ, ಸ್ಲೈಡಿಗೆ ಹುಳ ಅಂಟಿಸುವ ಮರದ ಅಂಟಾದ ಬಾಲ್ಸಂನಲ್ಲಿ ಕೂರಿಸಿ. ಕರುಳಿನೊಳಗೆ ಕಂದು ಬೀಜಕಣಗಳು ಇಡಿಯಾಗಿ, ಗೋಡೆ ಒಡೆಯದೆ ಸಾಲುಗಟ್ಟಿರುವುದು ಕಾಣುತ್ತದೆ. ಬೀಜಕಣಭಕ್ಷಕ ಎನ್ನಲು ಇದಕ್ಕಿಂತ ನೇರ ಸಾಕ್ಷಿ ಇಲ್ಲ. ಕ್ಷಾರದಲ್ಲಿ ನೆನೆಸಿ ಹೊಟ್ಟೆ ತೊಳೆದ ಮೇಲೆ ಅದು ಹೋಗಿಬಿಡುತ್ತದೆ. ಮೈಬಣ್ಣದ ದಾಖಲೆಗೂ ಇದೇ ಮಾದರಿ ಬೇಕು, ಏಕೆಂದರೆ ಕ್ಷಾರ ಬಣ್ಣವನ್ನೂ ತಿನ್ನುತ್ತದೆ.

ಹೆಣ್ಣಿನ ಹೊಟ್ಟೆಯಲ್ಲಿ ಕೆಲವೊಮ್ಮೆ ಬೆಳೆದ ಭ್ರೂಣಗಳು ಕಾಣುತ್ತವೆ. ಎಲಾಫ್ರೋಥ್ರಿಪ್ಸ್ ಟ್ಯೂಬರ್ಕ್ಯುಲೇಟಸ್‌ನಲ್ಲಿ ಹೆಣ್ಣು ಮೊಟ್ಟೆಯನ್ನೂ ಇಡಬಲ್ಲದು, ಮರಿಯನ್ನೂ ಹಾಕಬಲ್ಲದು. ಮೊಟ್ಟೆಯಿಂದ ಹೆಣ್ಣುಗಳು, ಹೊಟ್ಟೆಯಲ್ಲೇ ಬೆಳೆದವು ಗಂಡುಗಳು. ಇದು ತಿಳಿಯದಿದ್ದರೆ ಭ್ರೂಣದ ಕೆಂಪು ಕಣ್ಣಿನ ಚುಕ್ಕೆಗಳನ್ನು ಪರಾವಲಂಬಿ ಎಂದು ಬರೆದಿಡುವ ಸಾಧ್ಯತೆ ಇದೆ.

ಹಂತ 3: ಶಾಶ್ವತ ಸ್ಲೈಡ್

ವರ್ಗೀಕರಣದ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಅಥವಾ ಇಲ್ಲೇ ಕೆಡುತ್ತದೆ. ಹುಳವನ್ನು ಶುದ್ಧ ನೀರಿಗೆ ಹಾಕಿ, ಹಿಂಗಾಲುಗಳ ಬುಡದ ನಡುವಿನ ತೆಳುಪೊರೆಯಲ್ಲಿ ಅತಿ ಸಣ್ಣ ಸೂಜಿಯಿಂದ ಒಂದು ತೂತು ಮಾಡಿ. ಈ ತೂತಿಲ್ಲದಿದ್ದರೆ ಮುಂದಿನ ದ್ರವ ಯಾವುದೂ ಒಳಗೆ ಇಳಿಯದು. ಬಳಿಕ 5 ಶೇಕಡ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ, ಬಿಸಿ ಮಾಡದೆ, ನೆನೆಯಲು ಬಿಡಿ. ತೆಳುಬಣ್ಣದವಕ್ಕೆ ಅರ್ಧ ಗಂಟೆ ಸಾಕು; ಈ ಬಳಗದ ಕಡುಗಪ್ಪು ಹುಳಗಳಿಗೆ ಕೆಲವು ಗಂಟೆಗಳೇ ಬೇಕು. ಗಂಟೆಗೊಮ್ಮೆ ನೋಡುತ್ತಿರಿ. ತಲೆಯೊಳಗಿನ ಹೀರುಸೂಜಿಗಳು ಬೆನ್ನ ಕಡೆಯಿಂದ ಕಾಣತೊಡಗಿದರೆ ನಿಲ್ಲಿಸಿ. ಹೆಚ್ಚಾದರೆ ಬಿರುಗೂದಲು ಉದುರುತ್ತದೆ, ಮೈ ಗಾಜಿನಂತಾಗಿ ಗೆರೆಗಳೆಲ್ಲ ಮಾಸುತ್ತವೆ. ಸಪಾಟಾದ ಕಡ್ಡಿಯಿಂದ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಒಳಗಿನ ಕೊಳೆ ಹೊರಬರಿಸಿ, ಶುದ್ಧ ನೀರಿನಲ್ಲಿ ತೊಳೆಯಿರಿ.

ನೀರು ಕಳೆಯುವ ಕ್ರಮ ಹೀಗೆ: 60 ಶೇಕಡ ಆಲ್ಕೋಹಾಲಿನಲ್ಲಿ 24 ಗಂಟೆ, 70ರಲ್ಲಿ 1 ಗಂಟೆ, 80ರಲ್ಲಿ 20 ನಿಮಿಷ, 95ರಲ್ಲಿ 10 ನಿಮಿಷ, ಪೂರ್ಣ ಶುದ್ಧ ಆಲ್ಕೋಹಾಲಿನಲ್ಲಿ 5 ನಿಮಿಷ, ಅದನ್ನು ಬದಲಿಸಿ ಹೊಸದರಲ್ಲಿ ಮತ್ತೆ 5 ನಿಮಿಷ, ಕೊನೆಗೆ ಲವಂಗದ ಎಣ್ಣೆ. ಮೊದಲ 24 ಗಂಟೆಯಲ್ಲೇ ಕಾಲು, ರೆಕ್ಕೆ, ಕುಡಿಮೀಸೆಗಳನ್ನು ಬಿಡಿಸಿಡಿ. 80 ದಾಟಿದ ಮೇಲೆ ಮುಟ್ಟಿದರೆ ಮುರಿಯುತ್ತವೆ. ಮೆಟ್ಟಿಲು ಹಾರಿಸಿದರೆ ಮೈ ಕುಸಿದು ಒಣದ್ರಾಕ್ಷಿಯಂತಾಗುತ್ತದೆ. ಎಣ್ಣೆಯಲ್ಲಿ ಬಿಟ್ಟಾಗ ಹಾಲಿನಂಥ ಮಂಜು ಕವಿದರೆ ಒಳಗೆ ನೀರು ಉಳಿದಿದೆ ಎಂದರ್ಥ. ಹಿಂದಕ್ಕೆ ಶುದ್ಧ ಆಲ್ಕೋಹಾಲಿಗೆ ಒಯ್ದು ಮತ್ತೆ ಬನ್ನಿ.

13 ಮಿಲಿಮೀಟರ್ ಅಗಲದ ಗುಂಡು ಕವರ್‌ಸ್ಲಿಪ್ ಮೇಲೆ ಕೆನಡಾ ಬಾಲ್ಸಂನ ಒಂದು ಹನಿ ಇಟ್ಟು, ಅದರಲ್ಲಿ ಹುಳವನ್ನು ಹೊಟ್ಟೆ ಮೇಲಾಗಿ ಮಲಗಿಸಿ. ಸ್ಲೈಡನ್ನು ಮೇಲಿನಿಂದ ಮೆಲ್ಲಗೆ ಇಳಿಸಿ, ಹನಿ ಹಬ್ಬಿದ ಕೂಡಲೇ ತಿರುಗಿಸಿ. ಈಗ ಬೆನ್ನು ಮೇಲೆ ಬಂದಿರುತ್ತದೆ. ಕವರ್‌ಸ್ಲಿಪ್ಪನ್ನು ಒತ್ತಬೇಡಿ. ಒತ್ತಿದರೆ ತಲೆ ಚಪ್ಪಟೆಯಾಗಿ ಅಗಲಿಸುತ್ತದೆ. ತಲೆಯ ಉದ್ದ ಅಗಲದ ಅನುಪಾತದ ಮೇಲೆ ನಿಂತ ಪ್ರಭೇದಗಳಲ್ಲಿ ಅಷ್ಟೇ ಸಾಕು ತಪ್ಪು ಹೆಸರಿಗೆ. ಮೊದಲು 50 ಡಿಗ್ರಿ ಸೆಲ್ಸಿಯಸ್‌ನ ಬಿಸಿತಟ್ಟೆಯ ಮೇಲೆ, ಆಮೇಲೆ 35ರಿಂದ 40 ಡಿಗ್ರಿಯ ಒಲೆಯಲ್ಲಿ ಕೆಲವು ವಾರ ಒಣಗಲಿ. ಬಾಲ್ಸಂ ಬದಲು ಹೊಯರ್ಸ್ ಎಂಬ ಅಂಟುದ್ರವದಲ್ಲಿ ಹತ್ತು ನಿಮಿಷಕ್ಕೆ ಸ್ಲೈಡ್ ಆಗುತ್ತದೆ ನಿಜ, ಆದರೆ ಅದು ವರ್ಷಗಳಲ್ಲಿ ಹರಳುಗಟ್ಟಿ ಕೆಡುತ್ತದೆ. ತಕ್ಷಣದ ನೋಟಕ್ಕೆ ಬಳಸಿ, ಉಳಿಸಬೇಕಾದ ಮಾದರಿಗೆ ಬೇಡ.

ಹಂತ 4: ಉಪಗಣ, ಕುಟುಂಬ

ಇದು ಸುಲಭ. ಹೊಟ್ಟೆಯ ಹತ್ತನೆಯ ಖಂಡ ಗಂಡು ಹೆಣ್ಣು ಎರಡರಲ್ಲೂ ಮುಚ್ಚಿದ ಕೊಳವೆಯಾಗಿದ್ದರೆ, ಮುಂರೆಕ್ಕೆಯಲ್ಲಿ ನರಗಳಿಲ್ಲದೆ ಅದರ ಮೇಲ್ಮೈ ನುಣುಪಾಗಿದ್ದರೆ, ಅದು ಟ್ಯೂಬುಲಿಫೆರಾ, ಕುಟುಂಬ ಫ್ಲಿಯೋಥ್ರಿಪಿಡೇ. ಟೆರೆಬ್ರಾಂಶಿಯಾದ ರೆಕ್ಕೆಯಲ್ಲಿ ನರಗಳೂ ಸೂಕ್ಷ್ಮ ಮುಳ್ಳುಗಳೂ ಇರುತ್ತವೆ. ಹೆಣ್ಣಿಗೆ ಗರಗಸದಂಥ ಮೊಟ್ಟೆಯಿಡುವ ಅಂಗ ಇರುತ್ತದೆ. ಜೀವಂತವಾಗಿ ಕುಳಿತಾಗಲೂ ವ್ಯತ್ಯಾಸ ಗೊತ್ತಾಗುತ್ತದೆ: ಟ್ಯೂಬುಲಿಫೆರಾದಲ್ಲಿ ರೆಕ್ಕೆಗಳು ಬೆನ್ನ ಮೇಲೆ ಒಂದರ ಮೇಲೊಂದು ಮಡಚಿರುತ್ತವೆ, ಟೆರೆಬ್ರಾಂಶಿಯಾದಲ್ಲಿ ಅಕ್ಕಪಕ್ಕ ಸಮಾನಾಂತರ.

ಲಿಂಗವನ್ನೂ ಈಗಲೇ ಗುರುತಿಸಿ. ಹೆಣ್ಣಿನಲ್ಲಿ ಒಂಬತ್ತನೆಯ ಖಂಡದ ಹೊಟ್ಟೆಯ ಕಡೆ ನಡುಗೆರೆಯಲ್ಲಿ ಒಂದು ಗಾಢ ಸಣ್ಣ ಕಡ್ಡಿಯಿರುತ್ತದೆ, ಅದಕ್ಕೆ ಫಸ್ಟಿಸ್ ಎನ್ನುತ್ತಾರೆ. ಮುಂಗಾಲು ದಪ್ಪವಾಗಿದೆ ಎಂದ ಮಾತ್ರಕ್ಕೆ ಗಂಡು ಎನ್ನಬೇಡಿ.

ಹಂತ 5: ಉಪಕುಟುಂಬ, ಹೀರುಸೂಜಿಯ ಅಗಲ

ಇಡೀ ಗುರುತಿಸುವಿಕೆಯ ಕೀಲಿ ಇಲ್ಲಿದೆ. ಥ್ರಿಪ್ಸ್‌ಗಳಿಗೆ ಎಡ ಮ್ಯಾಂಡಿಬಲ್ (ಮೊದಲ ಜೋಡಿ ದವಡೆಯ ಎಡಭಾಗ) ಒಂದೇ ಇರುತ್ತದೆ, ಬಲದ್ದು ಬೆಳೆಯುವುದಿಲ್ಲ. ಆಹಾರ ಹೀರುವ ನಾಳ ಆಗುವುದು ಎರಡು ಮ್ಯಾಕ್ಸಿಲರಿ (ಎರಡನೆಯ ಜೋಡಿ ದವಡೆಯ) ಸೂಜಿಗಳು ಒಂದಕ್ಕೊಂದು ಕಚ್ಚಿಕೊಂಡಾಗ. ಫ್ಲಿಯೋಥ್ರಿಪಿನೇ ಉಪಕುಟುಂಬದಲ್ಲಿ ಒಂದೊಂದು ಸೂಜಿಯ ಅಗಲ ಸಾಮಾನ್ಯವಾಗಿ 2–3 ಮೈಕ್ರಾನ್. ಅಷ್ಟು ಸಪೂರ ನಾಳದಲ್ಲಿ ದ್ರವವಷ್ಟೇ ಹರಿಯುತ್ತದೆ. ಇಡೋಲೋಥ್ರಿಪಿನೇಯಲ್ಲಿ ಅದು 5ರಿಂದ 10 ಮೈಕ್ರಾನ್. ಬೀಜಕಣ ಇಡಿಯಾಗಿ ಹಾದುಹೋಗಲು ಬೇಕಾದ ಅಗಲವಿದು.

ಇಲ್ಲೊಂದು ಸಾಮಾನ್ಯ ತಪ್ಪು ತಿಳಿವಳಿಕೆ ಇದೆ. ಶಿಲೀಂಧ್ರ ತಿನ್ನುವ ಥ್ರಿಪ್ಸ್ ಎಲ್ಲವೂ ಬೀಜಕಣ ತಿನ್ನುವವಲ್ಲ. ಫ್ಲಿಯೋಥ್ರಿಪಿನೇಯ ಬಹಳಷ್ಟು ಪ್ರಭೇದಗಳು ಅದೇ ಒಣಕೊಂಬೆಯ ಮೇಲೆ, ಅದೇ ಶಿಲೀಂಧ್ರದ ಎಳೆಗಳಿಗೆ ಸೂಜಿ ಚುಚ್ಚಿ ರಸ ಹೀರುತ್ತವೆ. ಒಂದೇ ತಟ್ಟೆಗೆ ಎರಡೂ ಬೀಳುತ್ತವೆ, ಎರಡೂ ಕಪ್ಪಗಿರುತ್ತವೆ. ಸಿಕ್ಕ ಜಾಗ ನೋಡಿ ಉಪಕುಟುಂಬ ಹೇಳಲಾಗದು, ಅಳೆಯಲೇಬೇಕು.

ಅಳೆಯುವುದು ಹೀಗೆ. ಮೊದಲು ನೇತ್ರಮಸೂರದ ಅಳತೆಪಟ್ಟಿಯನ್ನು, 10 ಮೈಕ್ರಾನ್ ಅಂತರದ ಗೆರೆಗಳಿರುವ ಸ್ಟೇಜ್ ಮೈಕ್ರೋಮೀಟರಿನೊಡನೆ ತಾಳೆ ನೋಡಿ, 40 ಪಟ್ಟಿನ ಮಸೂರದಲ್ಲಿ ಒಂದು ಗೆರೆಗೆ ಎಷ್ಟು ಮೈಕ್ರಾನ್ ಎಂದು ಬರೆದಿಟ್ಟುಕೊಳ್ಳಿ. ಪ್ರತಿ ಮಸೂರಕ್ಕೂ ಬೇರೆ ಲೆಕ್ಕ. ತಲೆಯನ್ನು ಬೆನ್ನ ಕಡೆಯಿಂದ ನೋಡುತ್ತ ನಿಧಾನವಾಗಿ ಫೋಕಸ್ ಕೆಳಗಿಳಿಸಿ. ಮೇಲ್ಮೈಯ ಗೆರೆಗಳು ಮಸುಕಾದ ಮೇಲೆ, ತಲೆಯ ಒಳಗೆ ಎರಡು ಕಂದು ಪಟ್ಟಿಗಳು ಮೂಡುತ್ತವೆ. ಅವುಗಳಲ್ಲಿ ಒಂದೇ ಪಟ್ಟಿಯ ಅಗಲವನ್ನು, ತಲೆಯೊಳಗಿನ ಉದ್ದದ ನಡುಭಾಗದಲ್ಲಿ ಅಳೆಯಿರಿ. ತುದಿ ಸಪೂರವಾಗುವುದರಿಂದ ಅಲ್ಲಿ ಅಳೆದರೆ ಕಡಿಮೆ ಬರುತ್ತದೆ; ಬಾಯಿಯ ಶಂಕುವಿನಲ್ಲಿ ಎರಡೂ ಸೇರಿರುವ ಕಡೆ ಅಳೆದರೆ ಇಮ್ಮಡಿ. ಬೆಳಕಿನ ಕವಾಟವನ್ನು ಅರ್ಧ ಮುಚ್ಚಿದರೆ ಅಂಚು ಸ್ಪಷ್ಟವಾಗುತ್ತದೆ.

ಅಳತೆ 3–4 ಮೈಕ್ರಾನಿನ ಆಸುಪಾಸು ಬಂದು ಅನುಮಾನ ಉಳಿದರೆ ಬೆಂಬಲಕ್ಕೆ ಗಂಡನ್ನು ನೋಡಿ. ಒಂಬತ್ತನೆಯ ಬೆನ್ನುಫಲಕದ ಹಿಂದಂಚಿನಲ್ಲಿ ನಡುವಿನಿಂದ ಎರಡನೆಯ ಜೋಡಿ ಬಿರುಗೂದಲು ಫ್ಲಿಯೋಥ್ರಿಪಿನೇ ಗಂಡಿನಲ್ಲಿ ಸಾಮಾನ್ಯವಾಗಿ ಗಿಡ್ಡ, ದಪ್ಪ; ಇಡೋಲೋಥ್ರಿಪಿನೇ ಗಂಡಿನಲ್ಲಿ ಮೊದಲ ಜೋಡಿಯಷ್ಟೇ ಉದ್ದ, ಸಪೂರ.

ಸೂಜಿಯ ಅಗಲವನ್ನು ನಂಬಬಹುದು, ಸ್ಥಾನವನ್ನು ನಂಬುವಾಗ ಎಚ್ಚರ ಬೇಕು. ಸೂಜಿಗಳು ತಲೆಯಲ್ಲಿ ಎಷ್ಟು ಮೇಲಕ್ಕೆ ಸೇದಿಕೊಂಡಿವೆ, ಅವುಗಳ ನಡುವಿನ ಅಂತರ ಎಷ್ಟು ಎಂಬುದು ಕುಲದ ಲಕ್ಷಣ. ಆದರೆ ಸಾಯುವಾಗ ಅಥವಾ ಸ್ಲೈಡಿನಲ್ಲಿ ಒತ್ತಿದಾಗ ಬಾಯಿಯ ಶಂಕು ಮುಂದಕ್ಕೆ ಚಾಚಿದರೆ ಸೂಜಿಗಳೂ ಕೆಳಗೆ ಎಳೆದುಕೊಳ್ಳುತ್ತವೆ. ಸರಣಿಯಲ್ಲಿ ಮೂರ್ನಾಲ್ಕು ಹುಳಗಳಲ್ಲಿ ಒಂದೇ ತೆರನಾಗಿ ಕಂಡರೆ ಮಾತ್ರ ಬರೆದುಕೊಳ್ಳಿ.

ಹಂತ 6: ಪಂಗಡ

ಈಗ ಹೊಟ್ಟೆಯ ಬೆನ್ನುಫಲಕಗಳಿಗೆ ಬನ್ನಿ. ಮಡಚಿದ ರೆಕ್ಕೆಯನ್ನು ಹಿಡಿದಿಡಲು ಇಲ್ಲಿ ಎಸ್ ಅಕ್ಷರದಂತೆ ಬಾಗಿದ ಬಿರುಗೂದಲುಗಳ ಜೋಡಿಗಳಿರುತ್ತವೆ. ಪ್ರತಿ ಫಲಕದಲ್ಲಿ ಎರಡು ಅಥವಾ ಹೆಚ್ಚು ಜೋಡಿ ಇದ್ದರೆ ಇಡೋಲೋಥ್ರಿಪಿನಿ, ಒಂದೇ ಜೋಡಿ ಇದ್ದರೆ ಪೈಗೋಥ್ರಿಪಿನಿ. ಮೂರರಿಂದ ಐದನೆಯ ಫಲಕಗಳಲ್ಲಿ ಎಣಿಸಿ, ಅಲ್ಲಿ ಅವು ಚೆನ್ನಾಗಿ ಬೆಳೆದಿರುತ್ತವೆ. ಪಕ್ಕದಲ್ಲಿ ಸಣ್ಣ ನೇರ ಕೂದಲುಗಳೂ ಇರಬಹುದು. ಬಾಗಿದವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಕೂದಲು ಉದುರಿದ್ದರೂ ಅದರ ಬುಡದ ಉಂಗುರ ಉಳಿದಿರುತ್ತದೆ, ಆದರೆ ಬುಡ ನೋಡಿ ಕೂದಲು ಬಾಗಿತ್ತೇ ನೇರವಿತ್ತೇ ಎಂದು ಹೇಳಲಾಗದು. ಇನ್ನೊಂದು ಹುಳ ತೆಗೆದುಕೊಳ್ಳಿ.

ಈ ಲಕ್ಷಣ ಕೈಕೊಡುವುದು ರೆಕ್ಕೆಯಿಲ್ಲದ ಹುಳಗಳಲ್ಲಿ. ಈ ಬಳಗದ ಅನೇಕ ಪ್ರಭೇದಗಳಲ್ಲಿ ಒಂದೇ ಗುಂಪಿನೊಳಗೆ ಪೂರ್ಣರೆಕ್ಕೆಯವು, ಮೊಂಡುರೆಕ್ಕೆಯವು, ರೆಕ್ಕೆರಹಿತವು ಎಲ್ಲ ಇರುತ್ತವೆ. ಹಿಡಿಯಲು ರೆಕ್ಕೆಯೇ ಇಲ್ಲದಿದ್ದಾಗ ಆ ಕೂದಲುಗಳು ನೆಟ್ಟಗಾಗಿ, ಸಣ್ಣದಾಗಿ, ಪಕ್ಕದ ಕೂದಲುಗಳಲ್ಲಿ ಬೆರೆತುಹೋಗುತ್ತವೆ. ನೆತ್ತಿಯ ಮೇಲಿನ ಮೂರು ಒಂಟಿಗಣ್ಣುಗಳು ಕೂಡ ಕುಗ್ಗಿರುತ್ತವೆ ಅಥವಾ ಇರುವುದೇ ಇಲ್ಲ. ಸರಣಿಯಲ್ಲಿ ಒಂದಾದರೂ ಪೂರ್ಣರೆಕ್ಕೆಯ ಹುಳ ಹುಡುಕಿ ಅದರಿಂದಲೇ ಪಂಗಡ ಹೇಳಿ. ಸಿಗದಿದ್ದರೆ ಈ ಮೆಟ್ಟಿಲನ್ನು ಖಾಲಿ ಬಿಟ್ಟು, ತಲೆ ಮತ್ತು ಪೆಲ್ಟಾದ (ಹೊಟ್ಟೆಯ ಮೊದಲ ಬೆನ್ನುಫಲಕದ) ಆಕಾರದಿಂದ ನೇರವಾಗಿ ಕುಲ ಹುಡುಕುವುದೇ ಸರಿ.

ಹಂತ 7: ಕುಲ

ಕೆಳಗಿನವನ್ನು ಇದೇ ಅನುಕ್ರಮದಲ್ಲಿ ಬರೆದುಕೊಳ್ಳಿ: ತಲೆ ಉದ್ದವೋ ಅಗಲವೋ, ಕಣ್ಣುಗಳ ಮುಂದಕ್ಕೆ ಚಾಚಿದೆಯೋ ಇಲ್ಲವೋ, ಸೂಜಿಗಳ ನಡುವಿನ ಅಂತರ, ಕುಡಿಮೀಸೆಯ ಗೆಣ್ಣುಗಳು ಎಂಟೋ ಏಳೋ, ಮೂರನೆಯ ಮತ್ತು ನಾಲ್ಕನೆಯ ಗೆಣ್ಣಿನ ಮೇಲೆ ಸಂವೇದನಾ ಶಂಕುಗಳು ಎಷ್ಟು (ಈ ಬಳಗದಲ್ಲಿ ಸಾಮಾನ್ಯವಾಗಿ 2 ಮತ್ತು 4), ಮುಂಗಾಲಿನ ತೊಡೆ ಮತ್ತು ಪಾದದ ಹಲ್ಲು, ಹೊಟ್ಟೆಯ ಮೊದಲ ಬೆನ್ನುಫಲಕವಾದ ಪೆಲ್ಟಾದ ಆಕಾರ, ಕೊಳವೆಯ ಉದ್ದವನ್ನು ತಲೆಯ ಉದ್ದದೊಡನೆ ಹೋಲಿಸಿದ ಅನುಪಾತ. ಇವುಗಳಲ್ಲಿ ಪೆಲ್ಟಾ ಅತಿ ಉಪಯುಕ್ತ, ಅತಿ ಹೆಚ್ಚು ಕಡೆಗಣಿಸಲ್ಪಡುವುದೂ ಅದೇ. ರೆಕ್ಕೆಗಳನ್ನು ಬದಿಗೆ ಸರಿಸದೆ ಸ್ಲೈಡ್ ಮಾಡಿದರೆ ಅದು ಮುಚ್ಚಿಹೋಗುತ್ತದೆ.

ಕೆಲವು ಕುಲಗಳು ನೋಟಕ್ಕೇ ಸಿಗುತ್ತವೆ. ಕಡ್ಡಿಯಂತೆ ಉದ್ದ ಮೈ, ಉದ್ದ ತಲೆ, ಗಂಡಿನ ಆರನೆಯ ಖಂಡದ ಎರಡೂ ಪಕ್ಕದಿಂದ ಕೋಡಿನಂತೆ ಚಾಚಿದ ಗುಬುಟುಗಳಿದ್ದರೆ ಬ್ಯಾಕ್ಟ್ರೋಥ್ರಿಪ್ಸ್ ಎಂದು ಶುರುಮಾಡಬಹುದು. ಮುಂಗಾಲಿನ ತೊಡೆಯ ಒಳಅಂಚಿನಲ್ಲಿ ಗಂಟುಗಳ ಸಾಲಿದ್ದರೆ ಮಚಾಟೋಥ್ರಿಪ್ಸ್. ಹುಲ್ಲಿನ ಬುಡದಲ್ಲಿ ಇರುವೆಯಂತೆ ಸೊಂಟ ಸಣ್ಣಗಾಗಿ, ಇರುವೆಯಂತೆಯೇ ಓಡುವ ರೆಕ್ಕೆರಹಿತ ಹುಳ ಕಾಂಪ್ಸೋಥ್ರಿಪ್ಸ್. ತಲೆ ಗಿಡ್ಡ ಅಗಲ, ಸೂಜಿಗಳು ತಲೆಯ ಕೆಳಭಾಗದಲ್ಲೇ ವಿ ಅಕ್ಷರದಂತೆ ದೂರ ದೂರ, ಪೆಲ್ಟಾದ ಎರಡೂ ಬದಿ ರೆಕ್ಕೆಯಂತೆ ಚಾಚಿದ್ದರೆ ನೆಸೋಥ್ರಿಪ್ಸ್‌ನ ಕಡೆ ನೋಡಿ. ಎಲಾಫ್ರೋಥ್ರಿಪ್ಸ್ ಈ ಬಳಗದ ದೊಡ್ಡ ಕುಲ, ನೂರಕ್ಕೂ ಹೆಚ್ಚು ಹೆಸರುಗಳಿವೆ. ದೊಡ್ಡ ಗಂಡುಗಳ ಮುಂದೊಡೆಯ ತುದಿಯಲ್ಲಿ ಕುಡುಗೋಲಿನಂಥ ಬಿರುಗೂದಲಿರುವುದು ಇಲ್ಲಿ ಸಾಮಾನ್ಯ.

ಹಂತ 8: ಪ್ರಭೇದ, ದೊಡ್ಡ ಗಂಡಿನ ಮೋಸ

ಪ್ರಭೇದದ ಹಂತದಲ್ಲಿ ಎದುರಾಗುವ ದೊಡ್ಡ ತೊಡಕು ಗಂಡುಗಳ ಗಾತ್ರದ ಏರಿಳಿತ. ಇವುಗಳ ಗಂಡುಗಳು ಹೆಣ್ಣು ಮತ್ತು ಮೊಟ್ಟೆಗಳ ಕಾವಲಿಗಾಗಿ ಒಂದರೊಡನೊಂದು ಕಾದಾಡುತ್ತವೆ. ಮೈ ಸ್ವಲ್ಪ ಹಿಗ್ಗಿದರೆ ಮುಂಗಾಲಿನ ತೊಡೆ, ಪಾದದ ಹಲ್ಲು, ಎದೆಯ ಮೂಲೆಗಳು ಬಹಳ ಪಟ್ಟು ಹಿಗ್ಗುತ್ತವೆ. ಡೈನೋಥ್ರಿಪ್ಸ್‌ನ ದೊಡ್ಡ ಗಂಡಿಗೆ ಎದೆಯ ಮೇಲೆ ಕೋಡುಗಳೇ ಇರುತ್ತವೆ. ಅದೇ ಪ್ರಭೇದದ ಚಿಕ್ಕ ಗಂಡು ಹೆಣ್ಣಿನಂತೆ ಬೋಳಾಗಿ ಕಾಣುತ್ತದೆ. ಹಿಂದಿನ ಕಾಲದಲ್ಲಿ ದೊಡ್ಡ ಗಂಡಿಗೊಂದು ಹೆಸರು, ಚಿಕ್ಕದಕ್ಕೊಂದು ಹೆಸರು ಬಿದ್ದು, ಆಮೇಲೆ ಒಂದರ ಪರ್ಯಾಯವೆಂದು ಇನ್ನೊಂದನ್ನು ಸೇರಿಸಬೇಕಾಗಿ ಬಂದದ್ದು ಹೀಗೆ. ಒಣ ತಾಳೆಗರಿಗಳ ಮೇಲೆ ಬದುಕುವ ಟಿಯಾರೋಥ್ರಿಪ್ಸ್ ಸುಬ್ರಮಣಿಯಿಯಂಥ ಪ್ರಭೇದಗಳಲ್ಲಿ ಈ ಬಹುರೂಪವನ್ನು ಟಿ.ಎನ್. ಅನಂತಕೃಷ್ಣನ್ ಅವರು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ.

ಆದ್ದರಿಂದ ಸರಣಿಯ ಗಂಡುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡಿ. ಪ್ರತಿಯೊಂದರಲ್ಲೂ ಎದೆಯ ಬೆನ್ನುಫಲಕದ ಅಗಲ ಮತ್ತು ಮುಂಗಾಲಿನ ತೊಡೆಯ ಅಗಲ ಅಳೆದು ಚೌಕುಳಿ ಕಾಗದದ ಮೇಲೆ ಚುಕ್ಕೆ ಹಾಕಿ. ಚುಕ್ಕೆಗಳು ಒಂದೇ ಏರುಗೆರೆಯಲ್ಲಿ ಕೂಡಿಬಂದರೆ ಅದು ಒಂದೇ ಪ್ರಭೇದದ ಗಾತ್ರಭೇದ ಎನ್ನಲು ಆಧಾರ. ಒಂದೇ ಗಾತ್ರದ ಮೈಗೆ ಎರಡು ಬೇರೆ ಬೇರೆ ತೊಡೆ ಅಳತೆಗಳು ಬಂದು ಎರಡು ಗೆರೆಗಳಾಗಿ ಒಡೆದರೆ ತಟ್ಟೆಗೆ ಎರಡು ಪ್ರಭೇದ ಬಿದ್ದಿರಬಹುದು. ಆಗ ಹೆಣ್ಣುಗಳಲ್ಲೂ ಎರಡು ಬಗೆ ಇವೆಯೇ ನೋಡಿ. ಥ್ರಿಪ್ಸ್‌ಗಳಲ್ಲಿ ಫಲಿಸದ ಮೊಟ್ಟೆಯಿಂದ ಗಂಡು ಹುಟ್ಟುವುದರಿಂದ ಗಂಡು ಹೆಣ್ಣಿನ ಸಂಖ್ಯೆ ಸರಿಸಮ ಇರಲೇಬೇಕೆಂದಿಲ್ಲ.

ಪ್ರಭೇದ ಹೇಳಲು ಗಾತ್ರದೊಡನೆ ಕಡಿಮೆ ಬದಲಾಗುವ ಲಕ್ಷಣಗಳನ್ನು ಆರಿಸಿ: ಕುಡಿಮೀಸೆಯ ಗೆಣ್ಣುಗಳ ಬಣ್ಣ, ಸಂವೇದನಾ ಶಂಕುಗಳ ಸಂಖ್ಯೆ, ಎದೆಯ ಬಿರುಗೂದಲುಗಳ ತುದಿ ಚೂಪೋ ಮೊಂಡೋ, ಪೆಲ್ಟಾದ ಆಕಾರ. ಬಣ್ಣದಲ್ಲೂ ಒಂದು ಬಲೆ ಇದೆ. ಈಗತಾನೇ ಪೊರೆ ಕಳಚಿದ ವಯಸ್ಕ ಹುಳ ಹಳದಿ ಮಿಶ್ರ ಕಂದಾಗಿರುತ್ತದೆ, ಪೂರ್ತಿ ಕಪ್ಪಾಗಲು ಸಮಯ ಬೇಕು. ಮೈ ಮೆತ್ತಗಿದ್ದು ತೆಳುವಾಗಿ ಕಂಡರೆ ಅದನ್ನು ಬಣ್ಣದ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹಂತ 9: ಹೆಸರು ಬರೆಯುವುದು

ಹೆಸರನ್ನು ಪೂರ್ತಿ ಬರೆಯಿರಿ: ನೆಸೋಥ್ರಿಪ್ಸ್ ಪ್ರೊಪಿಂಕ್ವಸ್ (ಬ್ಯಾಗ್ನಾಲ್, 1916). ಕರ್ತೃವಿನ ಹೆಸರು, ವರ್ಷ ಆವರಣದೊಳಗಿದೆ ಎಂದರೆ ಆತ ಈ ಪ್ರಭೇದವನ್ನು ಮೊದಲು ಬೇರೆ ಕುಲದಲ್ಲಿ ಇಟ್ಟಿದ್ದ, ಆಮೇಲೆ ಇಲ್ಲಿಗೆ ಬಂತು ಎಂದರ್ಥ. ಇಡೋಲೋಥ್ರಿಪ್ಸ್ ಸ್ಪೆಕ್ಟ್ರಮ್ ಹ್ಯಾಲಿಡೇ, 1852 ಎಂಬಲ್ಲಿ ಆವರಣವಿಲ್ಲ. ಅದು ಹುಟ್ಟಿದ ಕುಲದಲ್ಲೇ ಇದೆ. ಆವರಣವನ್ನು ಅಂದಕ್ಕಾಗಿ ಹಾಕುವಂತಿಲ್ಲ, ಅಂದಕ್ಕಾಗಿ ತೆಗೆಯುವಂತಿಲ್ಲ. ಥ್ರಿಪ್ಸ್ ಎಂದು ಕೊನೆಯಾಗುವ ಕುಲದ ಹೆಸರುಗಳು ಪುಲ್ಲಿಂಗ. ಪ್ರಭೇದದ ಹೆಸರು ಲ್ಯಾಟಿನ್ ವಿಶೇಷಣವಾಗಿದ್ದರೆ ಕುಲ ಬದಲಾದಾಗ ಅದರ ಕೊನೆಯೂ ಪುಲ್ಲಿಂಗಕ್ಕೆ ಹೊಂದಬೇಕು, ಪ್ರೊಪಿಂಕ್ವಸ್ ಎಂಬಲ್ಲಿ ಇರುವಂತೆ.

ಕುಲದ ಹೆಸರು ಅದರ ಮಾದರಿ ಪ್ರಭೇದಕ್ಕೆ ಅಂಟಿಕೊಂಡಿರುತ್ತದೆ. ನೆಸೋಥ್ರಿಪ್ಸ್ ಅನ್ನು 1907ರಲ್ಲಿ ಕಿರ್ಕಾಲ್ಡಿ ಸ್ಥಾಪಿಸಿದ್ದು ಹವಾಯಿಯ ನೆಸೋಥ್ರಿಪ್ಸ್ ಓವಾಹುಯೆನ್ಸಿಸ್ ಮೇಲೆ. ನಾಳೆ ಈ ಕುಲವನ್ನು ಎರಡಾಗಿ ಒಡೆದರೂ ಹಳೆಯ ಹೆಸರು ಓವಾಹುಯೆನ್ಸಿಸ್ ಇರುವ ಭಾಗಕ್ಕೇ ಹೋಗುತ್ತದೆ. ಬರೆಯುವ ಮೊದಲು ಹೆಸರು ಈಗಲೂ ಮಾನ್ಯವೇ, ಪರ್ಯಾಯವೆಂದು ಸೇರಿಹೋಗಿದೆಯೇ ಎಂದು ಜಗತ್ತಿನ ಎಲ್ಲ ಥ್ರಿಪ್ಸ್‌ಗಳ ಪಟ್ಟಿಯಿರುವ ಥ್ರಿಪ್ಸ್ ವಿಕಿಯಲ್ಲಿ ಪರೀಕ್ಷಿಸಿ.

ಹೊಸ ಪ್ರಭೇದ ಎನಿಸಿದರೆ ಅವಸರ ಬೇಡ. ಒಂದೇ ದೊಡ್ಡ ಗಂಡಿನ ಮೇಲೆ, ಅಥವಾ ಒಂದೇ ರೆಕ್ಕೆರಹಿತ ಹೆಣ್ಣಿನ ಮೇಲೆ ಹೊಸ ಹೆಸರು ನಿಲ್ಲಿಸುವುದು ಮುಂದಿನವರಿಗೆ ತಲೆನೋವು. ಹತ್ತಿರದ ಪ್ರಭೇದಗಳ ಮೂಲ ಮಾದರಿಗಳೊಡನೆ ಹೋಲಿಸಿ, ವ್ಯತ್ಯಾಸಗಳನ್ನು ಅಳತೆ ಸಹಿತ ಬರೆದು, ಒಂದು ಮಾದರಿಯನ್ನು ಹೋಲೋಟೈಪ್ (ಪ್ರಭೇದದ ಹೆಸರು ಅಂಟಿಕೊಳ್ಳುವ ಏಕೈಕ ಮಾದರಿ) ಎಂದು ಸ್ಪಷ್ಟವಾಗಿ ಗೊತ್ತುಮಾಡಿ, ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡಲಾಗುವುದೆಂದು ತಿಳಿಸಬೇಕು. 1999ರ ನಂತರ ಪ್ರಕಟವಾದ ಪ್ರಭೇದಗಳಿಗೆ ಹೋಲೋಟೈಪ್ ಅಥವಾ, ಒಂದರ ಬದಲು ಹಲವು ಮಾದರಿಗಳಾದ, ಸಿಂಟೈಪ್‌ಗಳನ್ನು ಗೊತ್ತುಮಾಡದಿದ್ದರೆ ಹೆಸರು ಬಳಕೆಗೆ ಬರುವುದೇ ಇಲ್ಲ. ವಿದ್ಯುನ್ಮಾನ ರೂಪದಲ್ಲಷ್ಟೇ ಪ್ರಕಟಿಸುವುದಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ದಾಖಲೆಯಾದ ಜೂಬ್ಯಾಂಕ್ ನೋಂದಣಿಯೂ ಕಡ್ಡಾಯ.

ಸ್ಲೈಡಿನ ಬಲಚೀಟಿಯಲ್ಲಿ ಸಿಕ್ಕ ಸಸ್ಯ, ಭಾಗ, ಸ್ಥಳ, ದಿನಾಂಕ. ಎಡಚೀಟಿಯಲ್ಲಿ ಹೆಸರು, ಲಿಂಗ, ಗುರುತಿಸಿದ ವರ್ಷ. ಪ್ರಭೇದದವರೆಗೆ ಹೋಗಲಾಗದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ, ಅದರ ಕೆಳಗೆ ನಿಂತ ಕಾರಣವನ್ನೂ ಬರೆಯಿರಿ: ‘ನೆಸೋಥ್ರಿಪ್ಸ್, ಪ್ರಭೇದ ಹೇಳಿಲ್ಲ, ಎಲ್ಲವೂ ರೆಕ್ಕೆರಹಿತ ಹೆಣ್ಣು, ಗಂಡು ಸಿಕ್ಕಿಲ್ಲ’. ಮುಂದೆ ಅದೇ ಮರದಿಂದ ಗಂಡು ಹಿಡಿದು ತಂದವರು ಆ ಸ್ಲೈಡನ್ನು ಹೊರತೆಗೆದು, ಬಿಟ್ಟಲ್ಲಿಂದ ಕೆಲಸ ಮುಂದುವರಿಸಬಹುದು.